ಹಸುವಿನ ಮೂಲಕ ಮಾತಾಡಿದ ಮನೆ

ನಿವೃತ್ತಿಯಾದ ಮೇಲೆ ಜನ ನನ್ನ ಮಾತು ಕೇಳಲು ಶುರು ಮಾಡಿದ್ದಾರೆ. ಕೆಲಸದಲ್ಲಿದ್ದಾಗ ನಾಲ್ಕು ತಾಲ್ಲೂಕುಗಳಲ್ಲಿ ಬ್ಯಾಗು ಹೊತ್ತುಕೊಂಡು ಹೇಳಿದ್ದನ್ನೇ ಹೇಳುತ್ತ ತಿರುಗಿದೆ. ಆಗ ಯಾರೂ ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಶ್ರೀರಂಗಪಟ್ಟಣದ ಮನೆ ಜಗಲಿಯ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರೆ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು ಸ್ಕೂಟರಿನಲ್ಲಿ ಬಂದು "ಮೇಡಂ, ನಿಮ್ಮ ಅನುಭವ ಹೇಳಿ" ಅನ್ನುತ್ತಾರೆ. ಹೋದ ತಿಂಗಳು ಬಂದವಳು ಸಬೀನಾ. ನಮ್ಮ ಬೀದಿಯ ಕೊನೆಯಲ್ಲಿ ಆಟೋ ಬಿಡಿಭಾಗದ ಅಂಗಡಿ ಇಟ್ಟಿರುವವರ ಮಗಳು. ನಾನು ಮಾಡುತ್ತಿದ್ದ ಕೆಲಸಕ್ಕೇ ಸೇರಿದ್ದಾಳೆ. ಸೊಪ್ಪಿನ ಮೊರದ ಎದುರು ಕೂತವಳೇ ಕೇಳಿದಳು: "ಮೇಡಂ, ಒಂದು ಮಗು ಇದೆ. ಹೇಳಿದ್ದಕ್ಕೆಲ್ಲ ಉಲ್ಟಾ ಮಾಡುತ್ತೆ. ಏನು ಮಾಡಿದರೆ ಕೇಳುತ್ತೆ?"

ನನ್ನ ಹತ್ತಿರ ಇದಕ್ಕೆ ಉತ್ತರ ಇದ್ದಿದ್ದರೆ ಸೊಪ್ಪು ಬಿಡಿಸಿಕೊಂಡು ಯಾಕೆ ಕೂತಿರುತ್ತಿದ್ದೆ? ಆದರೂ ಅವಳು ಪುಸ್ತಕ, ಪೆನ್ನು ತೆಗೆದುಕೊಂಡು ಕಾಯುತ್ತಿದ್ದಳು. ಅವಳಿಗೆ ನಾನು ಸನ್ಮಾನದ ಶಾಲಿನ ಕತೆ ಹೇಳಲಿಲ್ಲ. ನಾನು ಮಾಡಿದ ಒಂದು ಎಡವಟ್ಟಿನ ಕತೆ ಹೇಳಿದೆ. ಅದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲು ಕೆಲಸ ಏನೆಂದು ಹೇಳಬೇಕು. ನಾನು ಸರ್ಕಾರಿ ವಿಶೇಷ ಶಿಕ್ಷಕಿ. ಒಂದು ಶಾಲೆಗೆ ಸೇರಿದವಳಲ್ಲ, ತಾಲ್ಲೂಕಿನ ಎಲ್ಲ ಶಾಲೆಗಳಿಗೂ ಸೇರಿದವಳು. ಆದ್ದರಿಂದ ಯಾವ ಶಾಲೆಯಲ್ಲೂ ನನಗೆ ಅಂತ ಒಂದು ಕುರ್ಚಿ ಇರಲಿಲ್ಲ. ಕಣ್ಣು ಕಾಣದ, ಕಿವಿ ಕೇಳದ, ಓದು ಹತ್ತದ ಮಕ್ಕಳನ್ನು ಹುಡುಕಿಕೊಂಡು ಹೋಗಿ ಕಲಿಸುವುದು, ಅವರ ಮನೆಗೆ ಹೋಗಿ ಅಪ್ಪ ಅಮ್ಮನಿಗೆ ತಿಳಿವಳಿಕೆ ಹೇಳುವುದು. ಹಳ್ಳಿಗೆ ಹೋದರೆ ಮೊದಲ ಹತ್ತು ನಿಮಿಷ ನಾನು ಯಾರಲ್ಲ ಎಂದು ಹೇಳುವುದರಲ್ಲೇ ಕಳೆಯುತ್ತಿತ್ತು. ಪೋಲಿಯೋ ಹನಿಯವಳಲ್ಲ, ರೇಷನ್ ಕಾರ್ಡಿನವಳಲ್ಲ, ಇನ್ಶೂರೆನ್ಸಿನವಳೂ ಅಲ್ಲ. ಕೊನೆಗೆ ಯಾರು ಎಂದು ಹೇಳಿದ ಮೇಲೆ, "ಓ ಅಷ್ಟೇಯಾ" ಎಂದು ಅರ್ಧ ಜನ ಎದ್ದು ಹೋಗುತ್ತಿದ್ದರು.

ಶುರುವಿನಲ್ಲಿ ಹಟಮಾರಿ ಮಕ್ಕಳು ನಮ್ಮ ಪಟ್ಟಿಯಲ್ಲೇ ಇರಲಿಲ್ಲ. ಅವರಿಗೆ ಹುಣಿಸೆ ಬರಲು ಇತ್ತು, ಮೆಣಸಿನಕಾಯಿ ಹೊಗೆ ಇತ್ತು, ಅದೂ ಆಗದಿದ್ದರೆ ತಾಯತ ಇತ್ತು. ನಾನು ನಾಗಮಂಗಲದಲ್ಲಿದ್ದಾಗ ಮೂರು ದಿನದ ಒಂದು ತರಬೇತಿ ಬಂತು. ಬೆಂಗಳೂರಿನಿಂದ ಬಂದಿದ್ದ ಒಬ್ಬರು, ಸದಾ ಎದುರಾಡುವ, ಸದಾ ಸಿಟ್ಟಾಗುವ, ಯಾರ ಮಾತಿಗೂ ಬಗ್ಗದ ಮಕ್ಕಳಿದ್ದಾರೆ, ಅದು ಕೊಬ್ಬಲ್ಲ, ಅದಕ್ಕೊಂದು ಹೆಸರಿದೆ ಎಂದು ಹೇಳಿ ಬೋರ್ಡಿನ ಮೇಲೆ ಒಂದು ಹೆಸರು ಬರೆದರು. ಕೈಗೆ ಕೊಟ್ಟ ಹಾಳೆಯಲ್ಲಿ ಅದರ ಕನ್ನಡ ಹೀಗಿತ್ತು: "ವಿರೋಧಾತ್ಮಕ ಪ್ರತಿಭಟನಾ ನಡವಳಿಕೆ." ನನ್ನ ಪಕ್ಕ ಕೂತಿದ್ದ ಹಿರಿಯ ಶಿಕ್ಷಕಿ ಅದನ್ನು ಓದಿ, "ನಮ್ಮ ಯೂನಿಯನ್ನಿನ ವಿಷಯ ಇರಬೇಕು" ಅಂದರು. ಮಧ್ಯಾಹ್ನದ ಊಟ ಚೆನ್ನಾಗಿತ್ತು. ಮೂರನೇ ದಿನ ಸಂಜೆ ನಾವೆಲ್ಲ ಪರಿಣತರಾಗಿ ಊರಿಗೆ ಬಸ್ಸು ಹತ್ತಿದೆವು.

ಕಲಿತದ್ದನ್ನು ಮೊದಲು ಪ್ರಯೋಗಿಸಿದ್ದು ನಾಗಮಂಗಲದ ಒಬ್ಬ ತೆಂಗಿನಕಾಯಿ ವ್ಯಾಪಾರಿಯ ಮನೆಯಲ್ಲಿ. ಏಳು ವರ್ಷದ ಮಗ ಊಟದ ಹೊತ್ತಿಗೆ ಮನೆಯನ್ನು ರಣರಂಗ ಮಾಡುತ್ತಿದ್ದ. ಹಾಳೆಯಲ್ಲಿ "ಆಜ್ಞೆ ಬೇಡ, ಆಯ್ಕೆ ಕೊಡಿ" ಎಂದಿತ್ತು. ಅವನ ತಾಯಿಗೆ ಅದನ್ನೇ ಹೇಳಿಕೊಟ್ಟೆ. ಆಕೆ ನನ್ನ ಎದುರಿಗೇ ತಟ್ಟೆ ಇಟ್ಟು ಮಗನನ್ನು ಕೇಳಿದಳು.

"ಮಗಾ, ಮುದ್ದೆ ಉಣ್ತೀಯೋ, ಅನ್ನ ಉಣ್ತೀಯೋ?"

"ಮೇಡಂ ಏನ್ ಉಣ್ತಾರೆ?"

"ಮೇಡಂ ಮುದ್ದೆ ಉಣ್ತಾರಪ್ಪ."

"ಅಂಗಾರೆ ನಂಗೆ ಎರಡೂ ಬ್ಯಾಡ."

ಆಕೆ ಸಿಟ್ಟಾಗಲಿಲ್ಲ. ನನ್ನ ಕಡೆ ತಿರುಗಿ ಬಹಳ ಭಕ್ತಿಯಿಂದ, "ಮೂರನೇದು ಏನ್ ಮಡಗ್ಲಿ ಮೇಡಂ?" ಎಂದು ಕೇಳಿದಳು. ಹಾಳೆಯಲ್ಲಿ ಮೂರನೆಯದು ಇರಲಿಲ್ಲ. ನಾನು ಮುದ್ದೆ ಉಂಡು ಬಸ್ಸಿಗೆ ಹೊರಟೆ.

ಕೆ.ಆರ್. ಪೇಟೆಗೆ ವರ್ಗವಾದ ಮೇಲೆ ವಿಧಾನ ಬದಲಾಯಿತು. ಈಗ ನಕ್ಷತ್ರದ ಕಾಲ. ಮಗು ಹೇಳಿದ ಮಾತು ಕೇಳಿದರೆ ಗೋಡೆಯ ಚಾರ್ಟಿಗೆ ಹೊಳೆಯುವ ಒಂದು ನಕ್ಷತ್ರ ಅಂಟಿಸಬೇಕು, ಹತ್ತಾದರೆ ಒಂದು ಬಹುಮಾನ. ಹೊಸಹೊಳಲಿನ ಒಂದು ಮನೆಯಲ್ಲಿ ಚಾರ್ಟು ಹಾಕಿ, ಒಂದು ಕಟ್ಟು ನಕ್ಷತ್ರ ಕೊಟ್ಟು ಬಂದೆ. ವಾರ ಬಿಟ್ಟು ಹೋದರೆ ಚಾರ್ಟು ಖಾಲಿ. ಬೀದಿಯಲ್ಲಿ ಆಡುತ್ತಿದ್ದ ಹೆಣ್ಣುಮಕ್ಕಳೆಲ್ಲರ ಹಣೆಯ ಮೇಲೂ ನಕ್ಷತ್ರ. "ಬೊಟ್ಟು ಶಾನೆ ಚೆನ್ನಾಗವೆ ಕಣವ್ವ, ಇನ್ನೊಂದು ಕಟ್ಟು ಇದ್ರೆ ಕೊಡು" ಎಂದು ಆ ಮನೆಯ ಅಜ್ಜಿ ಕೈಯೊಡ್ಡಿದರು. ಅಜ್ಜಿಯ ಹಣೆಯಲ್ಲಿ ವಿಭೂತಿ ಇದ್ದದ್ದರಿಂದ ಅವರದ್ದು ಮಾತ್ರ ಕೆನ್ನೆಯ ಮೇಲಿತ್ತು.

ಈ ಹೊತ್ತಿಗೆ ನನಗೊಬ್ಬ ಮೇಲಧಿಕಾರಿ ಬಂದರು. ಕೆಟ್ಟವರಲ್ಲ. ಆದರೆ ಅವರಿಗೆ ಖಾಲಿ ಜಾಗ ಕಂಡರೆ ಆಗುತ್ತಿರಲಿಲ್ಲ, ಅದು ಗೋಡೆಯಲ್ಲಿರಲಿ, ನಮೂನೆಯಲ್ಲಿರಲಿ. ನಮ್ಮ ತಿಂಗಳ ವರದಿಯಲ್ಲಿ ಕೊನೆಯ ಕಲಂ "ಗುಣಮುಖ" ಎಂದಿತ್ತು. ನಾನು ಅದನ್ನು ಪ್ರತಿ ತಿಂಗಳೂ ಖಾಲಿ ಬಿಡುತ್ತಿದ್ದೆ. "ಏನ್ರೀ ಇದು, ಇಷ್ಟು ವರ್ಷದಲ್ಲಿ ಒಬ್ಬರೂ ಗುಣಮುಖ ಆಗಲಿಲ್ವೇನ್ರೀ?" ಅಂದರು. "ಕುರುಡು ಮಗು ಹೇಗೆ ಸಾರ್ ಗುಣಮುಖ ಆಗುತ್ತೆ?" ಅಂದೆ. "ಹಟ ಮಾಡೋ ಮಕ್ಕಳದ್ದಾದರೂ ತೋರಿಸಿ" ಅಂದರು. ನಾನು ಪಾಂಡವಪುರಕ್ಕೆ ವರ್ಗವಾದರೆ ಈ ಕಲಂನಿಂದ ಬಿಡುಗಡೆ ಅಂದುಕೊಂಡಿದ್ದೆ. ಅವರೂ ಪಾಂಡವಪುರಕ್ಕೇ ವರ್ಗವಾಗಿ ಬಂದರು.

ಪಲ್ಲವಿ ಸಿಕ್ಕಿದ್ದು ಪಾಂಡವಪುರದಲ್ಲಿ. ಪೇಟೆಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಹಳ್ಳಿ. ನಾಲ್ಕನೇ ತರಗತಿ, ಒಂಬತ್ತು ವರ್ಷ. ಪ್ರಾರ್ಥನೆಗೆ ಸಾಲಿನಲ್ಲಿ ನಿಲ್ಲು ಅಂದರೆ ಹೋಗಿ ಬಾವುಟದ ಕಂಬದ ಹತ್ತಿರ ಒಬ್ಬಳೇ ನಿಂತು, ತನ್ನದೇ ಒಂದು ಸಾಲು ಮಾಡಿಕೊಳ್ಳುತ್ತಿದ್ದಳು. ಬರಿ ಅಂದರೆ ಸ್ಲೇಟು ಬಿಸಾಕುತ್ತಿದ್ದಳು. ಬರೆಯಬೇಡ ಅಂದರೆ ಗೋಡೆಯ ಮೇಲೆಲ್ಲ ಬರೆಯುತ್ತಿದ್ದಳು. ಒಂದು ದಿನ ಬಿಸಿಯೂಟದ ತಟ್ಟೆಯನ್ನು ಎಸೆದದ್ದು ಹೆಡ್‌ಮಾಸ್ಟರ ಕಾಲಿಗೆ ಬಿದ್ದು, ಅವರು ನನಗೆ ಫೋನು ಮಾಡಿದರು. ಮಂಡ್ಯದಲ್ಲಿ ವೈದ್ಯರಿಗೂ ತೋರಿಸಿದೆವು. ವೈದ್ಯರು ಆ ಉದ್ದದ ಹೆಸರನ್ನೇ ಚೀಟಿಯಲ್ಲಿ ಬರೆದು, ಮಾತ್ರೆ ಕೊಡದೆ, "ಮೊದಲು ತಂದೆ ತಾಯಿಗೆ ತಿಳಿಸಿ" ಎಂದು ನನ್ನನ್ನೇ ತೋರಿಸಿದರು.

ಹಾಗಾಗಿ ಅವರ ಮನೆಗೆ ಹೋದೆ. ಅಪ್ಪ ನಂಜೇಗೌಡ, ಅಮ್ಮ ರತ್ನಮ್ಮ, ಮಗಳು, ಕೊಟ್ಟಿಗೆಯಲ್ಲಿ ಗೌರಿ ಎನ್ನುವ ಕೆಂದು ಬಣ್ಣದ ಹಸು. ಅಂಗಳದ ನಟ್ಟನಡುವೆ ಒಂದು ಗೋಡೆ. ಗೋಡೆಯ ಆಚೆ ನಂಜೇಗೌಡನ ಅಣ್ಣ ಕರೀಗೌಡನ ಮನೆ. ಹನ್ನೊಂದು ವರ್ಷದ ಹಿಂದೆ ಅಣ್ಣನ ಬಚ್ಚಲ ನೀರು ತಮ್ಮನ ಅಂಗಳಕ್ಕೆ ಹರಿದಿದೆ. ಒಂದು ಮಾತು ಬಂದಿದೆ, ಒಂದು ಮಾತು ಹೋಗಿದೆ. ಆವತ್ತಿನಿಂದ ಅಣ್ಣತಮ್ಮ ಮಾತು ಬಿಟ್ಟಿದ್ದಾರೆ. ನಮ್ಮ ಕಡೆ ಮಾತು ಬಿಡುವುದು ಅಂದರೆ ಜಗಳವಲ್ಲ, ಅದೊಂದು ವ್ಯವಸ್ಥೆ. ಮದುವೆಗೆ ಹೋಗುತ್ತಾರೆ, ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ, ಹೆಂಗಸರು ಗೋಡೆಯ ಮೇಲೆ ಸಾರು ದಾಟಿಸುತ್ತಾರೆ. ಗಂಡಸರು ಮಾತ್ರ ಒಬ್ಬರ ಮುಖಕ್ಕೊಬ್ಬರು ಮಾತಾಡುವುದಿಲ್ಲ. ಬಚ್ಚಲ ನೀರಿಗೆ ಆಮೇಲೆ ಪಂಚಾಯಿತಿಯವರು ಚರಂಡಿ ಮಾಡಿಕೊಟ್ಟರು. ಮಾತಿಗೆ ಯಾರೂ ದಾರಿ ಮಾಡಿಕೊಡಲಿಲ್ಲ.

"ನನ್ ಮಗ್ಳಿಗೆ ಏನ್ ಕಾಯ್ಲೆ ಅಂತೀರಿ ಮೇಡಂ?" ಎಂದು ನಂಜೇಗೌಡ ಕೇಳಿದ. ನಾನು ಹಾಳೆ ತೆಗೆದು ಲಕ್ಷಣಗಳನ್ನು ಓದಿದೆ. ಹೇಳಿದ ಮಾತಿಗೆ ಎದುರಾಡುವುದು. ಸಣ್ಣದಕ್ಕೂ ಸಿಟ್ಟಾಗುವುದು. ತನ್ನ ತಪ್ಪನ್ನು ಬೇರೆಯವರ ಮೇಲೆ ಹಾಕುವುದು. ಆದದ್ದನ್ನು ಮರೆಯದೆ ಹಗೆ ಸಾಧಿಸುವುದು. ಓದುತ್ತ ಓದುತ್ತ ನೋಡಿದರೆ ರತ್ನಮ್ಮ ಮಗಳ ಕಡೆ ನೋಡುತ್ತಿಲ್ಲ, ಗಂಡನ ಕಡೆ ನೋಡುತ್ತಿದ್ದಾಳೆ.

"ಇದೆಲ್ಲ ಇವ್ರಿಗೂ ಅದೆಯಲ್ಲಾ ಮೇಡಂ" ಅಂದಳು.

"ನಂದು ಛಲ ಕಣಮ್ಮಿ" ಅಂದ ನಂಜೇಗೌಡ.

ಆವತ್ತು ನಕ್ಕು ಸುಮ್ಮನಾದೆ. ಒಂಬತ್ತು ವರ್ಷದ ಹುಡುಗಿಗಿದ್ದರೆ ಅದು ಕಾಯಿಲೆ, ನಲವತ್ತೈದರ ಗಂಡಸಿಗಿದ್ದರೆ ಅದು ಮರ್ಯಾದೆ ಎನ್ನುವುದು ನಮ್ಮ ಹಾಳೆಯಲ್ಲಿ ಬರೆದಿರಲಿಲ್ಲ.

ನಂಜೇಗೌಡ ಮಗಳಿಗೆ ಹೊಡೆಯುತ್ತಿದ್ದ. ಚೆನ್ನಾಗಿಯೇ ಹೊಡೆಯುತ್ತಿದ್ದ. ಅವಳ ಮೊಣಕಾಲಿನ ಕೆಳಗೆ ಬಾಸುಂಡೆ ನೋಡಿ, "ಇನ್ನು ಮೇಲೆ ಕೈ ಎತ್ತಲ್ಲ ಅಂತ ಆಣೆ ಮಾಡಿ" ಅಂದೆ. ಅವನು ಗೌರಿಯ ಬೆನ್ನು ಮುಟ್ಟಿ ಆಣೆ ಮಾಡಿದ. "ಒಡೀದೆ ಇನ್ನೇನ್ ಮಾಡ್ಲಿ ಯೋಳಿ" ಅಂದ. ನಾನು ಹಾಳೆಯ ಮೊದಲ ಪುಟ ಓದಿದೆ. "ಅವಳು ಹಟ ಮಾಡಿದಾಗ ಗಮನ ಕೊಡಬೇಡಿ. ಮಾತಾಡಿಸಬೇಡಿ. ನಡುವೆ ಕರಗಬೇಡಿ, ಸ್ಥಿರವಾಗಿರಿ." ಎರಡನೇ ಪುಟದಲ್ಲಿ, ಹಟ ನಿಂತ ಕೂಡಲೇ ಹತ್ತಿರ ಕರೆದು ಮಾತಾಡಿಸಿ, ತಬ್ಬಿಕೊಳ್ಳಿ, ದಿನಕ್ಕೆ ಸ್ವಲ್ಪ ಹೊತ್ತಾದರೂ ಅವಳ ಜೊತೆ ಸುಮ್ಮನೆ ಆಟವಾಡಿ ಎಂದಿತ್ತು. ಪುಟ ತಿರುಗಿಸುವ ಹೊತ್ತಿಗೆ ಬಸ್ಸು ಹಾರ್ನ್ ಹೊಡೆಯಿತು. ಅದು ಬಿಟ್ಟರೆ ಎರಡು ಗಂಟೆ ಬೇರೆ ಬಸ್ಸಿಲ್ಲ. "ಉಳಿದದ್ದು ಮುಂದಿನ ವಾರ ಬಂದು ಹೇಳ್ತೀನಿ" ಎಂದು ಓಡಿದೆ.

ಮುಂದಿನ ವಾರ ನನ್ನನ್ನು ಒಂದು ಸಮೀಕ್ಷೆಗೆ ಹಾಕಿದರು. ಅದು ಮುಗಿಯುವಷ್ಟರಲ್ಲಿ ಚುನಾವಣೆ. ಅದಾದ ಮೇಲೆ ಮತದಾರರ ಪಟ್ಟಿ. ಈ ಕೆಲಸಕ್ಕೆ ಸೇರುವ ಹೊಸಬರು ಒಂದು ವಿಷಯ ತಿಳಿದುಕೊಳ್ಳಬೇಕು. ನಿಮ್ಮ ಕೆಲಸ ಬಿಟ್ಟು ಉಳಿದ ಎಲ್ಲ ಕೆಲಸಕ್ಕೂ ನಿಮ್ಮನ್ನು ಕರೆಯುತ್ತಾರೆ. ಆ ಮುಂದಿನ ವಾರ ಬಂದದ್ದು ಏಳು ತಿಂಗಳಾದ ಮೇಲೆ.

ಅಷ್ಟರಲ್ಲಿ ಹೆಡ್‌ಮಾಸ್ಟರ ಫೋನು ಬಂತು. "ಮೇಡಂ, ಏನ್ ಮಾಯ ಮಾಡಿದ್ರಿ! ಹುಡುಗಿ ಟೈಮಿಗೆ ಸರಿಯಾಗಿ ಬರ್ತಾವ್ಳೆ. ತಲೆ ಬಾಚ್ಕೊಂಡು, ಹೋಂವರ್ಕ್ ಮಾಡ್ಕೊಂಡು!" ನನಗೆ ಎಷ್ಟು ಖುಷಿಯಾಯಿತೆಂದರೆ ಮನೆಗೆ ಹೋಗಿ ನೋಡುವ ಮೊದಲೇ, ಆ ತಿಂಗಳ ವರದಿಯ ಕೊನೆಯ ಕಲಂನಲ್ಲಿ "ಒಂದು" ಎಂದು ಬರೆದುಬಿಟ್ಟೆ. ಮೇಲಧಿಕಾರಿ ಸಭೆಯಲ್ಲಿ ನನ್ನನ್ನು ಎದ್ದು ನಿಲ್ಲಿಸಿದರು. "ಮೇಡಂ ಅವರು ತಮ್ಮ ವಿಧಾನ ವಿವರಿಸಬೇಕು" ಅಂದರು. ನಾನೂ ಹದಿನೈದು ನಿಮಿಷ ವಿವರಿಸಿದೆ. ಜನ ಬರೆದುಕೊಂಡರು. ಆವತ್ತು ಹೊದಿಸಿದ ಶಾಲು ಈಗಲೂ ಕಪಾಟಿನಲ್ಲಿದೆ, ನೋಡಿದರೆ ಮೈ ಚುರುಗುಟ್ಟುತ್ತದೆ.

ಸಭೆಯಾದ ಶನಿವಾರ ಬೆಳಿಗ್ಗೆ ಅವರ ಮನೆಗೆ ಹೋದೆ. ಗೇಟಿನ ಹೊರಗಿರುವಾಗಲೇ ನಂಜೇಗೌಡನ ದನಿ ಕೇಳಿಸಿತು. ಅವನು ಕೊಟ್ಟಿಗೆಯಲ್ಲಿ ನಿಂತು ಹಸುವಿಗೆ ಹೇಳುತ್ತಿದ್ದ: "ಗೌರವ್ವಾ, ಗಂಟೆ ಏಳೂವರೆ ಆಯ್ತು. ಈ ಅಟ್ಟಿಲಿರೋ ಮಕ್ಕಳು ಇಸ್ಕೂಲಿಗೆ ಒರಡ್ಬೇಕು."

ಪಲ್ಲವಿ ಜಗಲಿಯ ಮೇಲೆ ಕೂತು ಜಡೆ ಹಾಕಿಕೊಳ್ಳುತ್ತಿದ್ದಳು. ಅವಳೂ ಹಸುವಿನ ಕಡೆಯೇ ತಿರುಗಿ, "ಗೌರೀ, ಪೆನ್ಸಿಲ್ ಮುಗ್ದೋಗದೆ ಅಂತ ಯೋಳು" ಅಂದಳು. ನಂಜೇಗೌಡ ಜೇಬಿನಿಂದ ಒಂದು ಹೊಸ ಪೆನ್ಸಿಲ್ ತೆಗೆದು ಗೋದಲಿಯ ಅಂಚಿನ ಮೇಲಿಟ್ಟು ಆಚೆ ಹೋದ. ಅವನು ಆಚೆ ಹೋದ ಮೇಲೆ ಅವಳು ಬಂದು ಪೆನ್ಸಿಲ್ ತೆಗೆದುಕೊಂಡಳು. ಗೌರಿ ಮೆಲುಕು ಹಾಕುತ್ತ ಎರಡೂ ಕಡೆಯ ಮಾತು ಕೇಳಿಸಿಕೊಂಡಳು.

ಮೊದಲು ನನಗೆ ನಗು ಬಂತು. ಆಮೇಲೆ ನನ್ನ ಹಾಳೆಯ ಮೊದಲ ಪುಟ ನೆನಪಾಯಿತು. ರತ್ನಮ್ಮ ಒಳಗೆ ಕರೆದು ಹೇಳಿದಳು. ನಾನು ಬಸ್ಸಿಗೆ ಓಡಿದ ಮರುದಿನ ಪಲ್ಲವಿ ಯಾವುದಕ್ಕೋ ಹಟ ಮಾಡಿದ್ದಾಳೆ. ನಂಜೇಗೌಡ ಆಣೆಯಂತೆ ಕೈ ಎತ್ತಲಿಲ್ಲ. ನಾನು ಹೇಳಿದಂತೆ ಮಾತಾಡಿಸಲಿಲ್ಲ. ಮಾತು ಬಿಟ್ಟ. ಮಾತು ಬಿಡುವುದನ್ನು ಅವನಿಗೆ ಹೊಸದಾಗಿ ಕಲಿಸಬೇಕಾಗಿರಲಿಲ್ಲ. ನನ್ನ ಕೆಲಸದ ಅಷ್ಟೂ ವರ್ಷದಲ್ಲಿ ನಾನು ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದ ಒಬ್ಬನೇ ಒಬ್ಬ ತಂದೆ ಅವನು.

ಹುಡುಗಿ ಯಾಕೆ ನೆಟ್ಟಗಾದಳು ಎನ್ನುವುದೂ ಆಗ ತಿಳಿಯಿತು. ಹಸುವಿಗೆ ಹೇಳಿದ ಮಾತು ಅವಳಿಗೆ ಹೇಳಿದ್ದಲ್ಲ, ಆದ್ದರಿಂದ ಎದುರಾಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಸಭೆಯಲ್ಲಿ ನಾನು ಹದಿನೈದು ನಿಮಿಷ ವಿವರಿಸಿದ ವಿಧಾನ ಇದು.

ಶಾಲೆಯ ದಾರಿಯಲ್ಲಿ ಪಲ್ಲವಿ ನನ್ನ ಜೊತೆ ಬಂದಳು. ನಡೆಯುತ್ತ ಕೇಳಿದಳು:

"ಮೇಡಂ, ಮಾತು ಬುಟ್ರೆ ಎಷ್ಟ್ ವರ್ಷ ಬುಡ್ತಾರೆ?"

"ಯಾಕೆ ಮಗಳೇ?"

"ದೊಡ್ಡಪ್ಪಂಗೆ ಬುಟ್ಟು ಅನ್ನೊಂದ್ ವರ್ಷ ಆಯ್ತು. ನಂಗೂ ಅಷ್ಟೇ ಆದ್ರೆ, ಮಾತಾಡೋ ಒತ್ಗೆ ನಂಗೆ ಇಪ್ಪತ್ತು." ಬೆರಳು ಮಡಿಸಿ ಲೆಕ್ಕ ಮಾಡಿಟ್ಟುಕೊಂಡಿದ್ದಳು. "ಅಪ್ಪ ನನ್ ಎಸ್ರು ಕರ್ದೇ ಇಲ್ಲ ಮೇಡಂ. ಈ ಅಟ್ಟಿ ಮಕ್ಕಳು ಅಂತಾನೆ. ಅಟ್ಟಿಲಿರೋದು ನಾನೊಬ್ಳೇ."

ಅವಳಿಗೆ ನಿಜ ಹೇಳಿದೆ. "ನಿಮ್ಮಪ್ಪನಿಗೆ ಮಾತಾಡಿಸಬೇಡ ಅಂತ ಹೇಳಿದ್ದು ನಾನೇ ಕಣಮ್ಮ. ತಪ್ಪು ನನ್ನದು." ಅವಳು ನಿಂತು ನನ್ನ ಮುಖ ನೋಡಿದಳು. ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ವಾಸಿಯಿತ್ತು.

"ಅಂಗಾರೆ ಮಾತಾಡು ಅಂತ ನೀವೇ ಯೋಳಿ."

ಮಧ್ಯಾಹ್ನ ಹಿಂತಿರುಗಿ ಹೋಗಿ ನಂಜೇಗೌಡನಿಗೆ ಹೇಳಿದೆ. ಎರಡನೇ ಪುಟವನ್ನು ಪೂರ್ತಿ ಓದಿದೆ. ನನ್ನ ತಪ್ಪಾಯಿತು ಅಂದೆ. ಅವನು ಹುಲ್ಲು ಕತ್ತರಿಸುತ್ತಲೇ ಕೇಳಿಸಿಕೊಂಡ.

"ನಡುವೆ ಕರಗ್ಬ್ಯಾಡಿ ಅಂತ ನೀವೇ ಅಲ್ವಾ ಯೋಳಿದ್ದು? ಒಂದೇಟು ಒಡ್ದಿದ್ದೀನಾ, ಕೇಳಿ ಅವಳ್ನ."

"ಹೊಡೆದಿಲ್ಲ, ಅದು ದೊಡ್ಡದು. ಈಗ ಮಾತಾಡಿ ಸಾಕು."

ಅವನು ಮಚ್ಚು ಕೆಳಗಿಟ್ಟ. ಗೋಡೆಯ ಕಡೆ ನೋಡಿಕೊಂಡು ಹೇಳಿದ: "ಅಣ್ಣನ ಜೊತೆಗೂ ಇಂಗೇ ಆಯ್ತು ಮೇಡಂ. ಮೊದ್ಲ ವಾರ ಸಿಟ್ಟಿತ್ತು. ಆಮ್ಯಾಲೆ ಸಿಟ್ಟು ಓಯ್ತು. ಮಾತ ಎಲ್ಲಿಂದ ಎತ್ಕೊಬೇಕು ಅಂತ ಗೊತ್ತಾಗ್ನಿಲ್ಲ. ಇವತ್ತು ಬ್ಯಾಡ ನಾಳೆ, ನಾಳೆ ಬ್ಯಾಡ ನಾಡಿದ್ದು ಅಂತ ಅನ್ನೊಂದ್ ವರ್ಷ ಆಗೋಯ್ತು."

"ಹೆಸರು ಕರೀರಿ ಸಾಕು. ಬರೀ ಹೆಸರು."

"ನಾಳೆ ಕರೀತೀನಿ" ಅಂದ.

ಮುಂದಿನ ಶನಿವಾರ ಹೋದೆ. "ನಾಳೆ" ಅಂದ. ಅದರ ಮುಂದಿನ ಶನಿವಾರವೂ "ನಾಳೆ" ಅಂದ. ಆ ದಿನ ಪಲ್ಲವಿ ದಾರಿಯಲ್ಲಿ, "ಯೋಳಿದ್ರಾ?" ಎಂದು ಕೇಳಿದಳು. ಹೇಳಿದೆ ಅಂದೆ. "ಕೇಳ್ನಿಲ್ವಾ?" ಇಲ್ಲ ಅಂದೆ. "ನನ್ ಥರಾನೇ ಕಣ್ ಮೇಡಂ ಅವನು" ಎಂದು ನಕ್ಕಳು. ನಗು ನಿಂತ ಮೇಲೆ ಕೇಳಿದಳು: "ಗೌರಿ ಇಲ್ದೆ ಓದ್ರೆ ಏನ್ ಮಾಡ್ತಾನೆ?" ಮಕ್ಕಳು ಏನೇನೋ ಕೇಳುತ್ತಾರೆ ಎಂದು ನಾನು ತಲೆಗೆ ಹಾಕಿಕೊಳ್ಳಲಿಲ್ಲ. ಮೂರು ದಿನದ ತರಬೇತಿ ಪಡೆದವಳು ನಾನು, ಆದರೂ ಹೊಳೆಯಲಿಲ್ಲ.

ನಾಲ್ಕನೆಯ ಸಲ ಹೋದಾಗ ಸಂಜೆಯಾಗಿತ್ತು, ಡೈರಿಗೆ ಹಾಲು ಹಾಕುವ ಹೊತ್ತು. ಅಂಗಳದಲ್ಲಿ ನಂಜೇಗೌಡ ಹಾಲಿನ ಕ್ಯಾನು ಹಿಡಿದು ನಿಂತಿದ್ದಾನೆ. ಕೊಟ್ಟಿಗೆಯಲ್ಲಿ ಬರೀ ಗೂಟ. ಪಲ್ಲವಿ ಜಗಲಿಯ ಮೇಲೆ ಕೈ ಕಟ್ಟಿಕೊಂಡು ಕೂತಿದ್ದಾಳೆ. ಗೋಡೆಯ ಆಚೆಯಿಂದ ಗೌರಿಯ "ಅಂಬಾ" ಕೇಳುತ್ತಿದೆ.

ಶಾಲೆಯಿಂದ ಬಂದವಳೇ ಹಗ್ಗ ಬಿಚ್ಚಿ, ಹಸುವನ್ನು ಬೀದಿಯ ಕಡೆಯಿಂದ ನಡೆಸಿಕೊಂಡು ಹೋಗಿ ದೊಡ್ಡಪ್ಪನ ಅಂಗಳದ ತೆಂಗಿನ ಮರಕ್ಕೆ ಕಟ್ಟಿ ಬಂದಿದ್ದಾಳೆ. ಕರೀಗೌಡ ನೋಡಿದ್ದಾನೆ. ವಾಪಸ್ಸು ಕಳಿಸಬೇಕಾದರೆ ಬಂದು ಬಿಚ್ಚಿಕೊಂಡು ಹೋಗು ಎಂದು ತಮ್ಮನಿಗೆ ಹೇಳಬೇಕು, ಹೇಳುವ ಹಾಗಿಲ್ಲ, ಸುಮ್ಮನೆ ಕೂತಿದ್ದಾನೆ. ಇತ್ತ ನಂಜೇಗೌಡ ಆ ಅಂಗಳಕ್ಕೆ ಕಾಲಿಡುವವನಲ್ಲ, ಹಸು ತರಿಸಬೇಕಾದರೆ ಒಂದು ಅಣ್ಣನಿಗೆ ಹೇಳಬೇಕು, ಇಲ್ಲ ಮಗಳಿಗೆ ಹೇಳಬೇಕು. ಇಬ್ಬರಿಗೂ ಮಾತು ಬಿಟ್ಟಿದ್ದಾನೆ. ರತ್ನಮ್ಮ ತಂದುಬಿಡಬಹುದಿತ್ತು. ಅವಳು ಬಾಗಿಲಲ್ಲಿ ನಿಂತು ನನ್ನನ್ನು ಕಂಡು, ತುಟಿಯ ಮೇಲೆ ಬೆರಳಿಟ್ಟು, ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಅಕ್ಕಪಕ್ಕದ ನಾಲ್ಕು ಜನ ಬೀದಿಯಲ್ಲಿ ನಿಂತು ನೋಡುತ್ತಿದ್ದರು.

ನಂಜೇಗೌಡ ಕೊಟ್ಟಿಗೆಯ ಕಡೆ ನೋಡಿದ. ಕಂಬದ ಕಡೆ ನೋಡಿದ. ಕೊನೆಗೆ ಬೇರೆ ದಾರಿ ಕಾಣದೆ ಗೂಟಕ್ಕೆ ಹೇಳಿದ: "ಆಲು ಕರೆಯೋ ಒತ್ತಾಯ್ತು. ಯಾರೋ ಅಸ ಬಿಚ್ಕೊಂಡೋಗವ್ರೆ."

"ಗೂಟುಕ್ಕೆ ಕಿವಿ ಇಲ್ಲ ಕಣಪ್ಪೋ" ಅಂದಳು ಪಲ್ಲವಿ. "ಯಾರ್ಗೆ ಯೋಳ್ತಿದ್ದೀಯಾ?"

ಏಳೆಂಟು ತಿಂಗಳಲ್ಲಿ ಅವಳು ಅವನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ನಂಜೇಗೌಡ ತಿರುಗಿ ಅವಳನ್ನು ನೋಡಿದ.

"ನಿಂಗೇ ಕಣೇ" ಅಂದ. "ಪಲ್ಲವೀ... ಅಸ ಇಡ್ಕೊಂಡು ಬಾರವ್ವ."

ಈಗ ಓಡಿ ಹೋಗಿ ತಬ್ಬಿಕೊಳ್ಳುತ್ತಾಳೆ, ಹಾಳೆಯ ಎರಡನೇ ಪುಟದಲ್ಲಿರುವ ಹಾಗೆ, ಅಂದುಕೊಂಡೆ. ಅವಳು ಕೂತಲ್ಲಿಂದ ಅಲುಗಲಿಲ್ಲ.

"ಆಗಾಕಿಲ್ಲ" ಅಂದಳು.

ಬೀದಿಯಲ್ಲಿದ್ದವರು ನಕ್ಕರು. ನಂಜೇಗೌಡನ ಕಣ್ಣಲ್ಲಿ ನೀರು ತುಂಬಿತ್ತು, ಅವನೂ ನಗುತ್ತಿದ್ದ. ನಾನಂತೂ ಸೆರಗಿನಲ್ಲಿ ಮುಖ ಒರೆಸಿಕೊಂಡೆ. ಪಲ್ಲವಿ ಜಗಲಿಯಿಂದ ಇಳಿದು ಅವನ ಮುಂದೆ ನಿಂತಳು.

"ಆಗಾಕಿಲ್ಲ. ನೀನೂ ಬಾ."

ಇಬ್ಬರೂ ಹೋದರು. ನಾನೂ ಹಿಂದೆ ಹೋದೆ, ನೋಡದೆ ಇರಲು ನನ್ನಿಂದ ಆಗುತ್ತಿರಲಿಲ್ಲ. ನಂಜೇಗೌಡ ಹನ್ನೊಂದು ವರ್ಷದ ಮೇಲೆ ಅಣ್ಣನ ಅಂಗಳಕ್ಕೆ ಕಾಲಿಟ್ಟ. ಕರೀಗೌಡ ಕಟ್ಟೆಯ ಮೇಲಿಂದ ಎದ್ದು ನಿಂತ. ತಮ್ಮನ ಮುಖ ನೋಡಿದ. ಹಸುವಿನ ಕೊರಳು ತಟ್ಟಿ, "ಗೌರವ್ವಾ, ನಿಮ್ಮೋರು ಬಂದವ್ರೆ, ಓಗವ್ವ" ಅಂದ. ನಂಜೇಗೌಡನೂ ಹಸುವಿಗೇ, "ಒಂದು ಚೊಂಬು ಆಲು ಕಳಿಸ್ತೀನಿ ಅಂತ ಯೋಳವ್ವ" ಅಂದ. ಅಣ್ಣತಮ್ಮಂದಿರ ವಿಷಯದಲ್ಲಿ ನಾನು ಹೇಳಬಹುದಾದ ಪ್ರಗತಿ ಅಷ್ಟೇ.

ಆ ತಿಂಗಳ ವರದಿಯಲ್ಲಿ ಹಿಂದಿನ "ಒಂದು" ಎನ್ನುವುದನ್ನು ಹೊಡೆದುಹಾಕಿ, ಷರಾ ಬರೆದೆ: "ಮಗು ಮತ್ತೆ ಎದುರಾಡುತ್ತಿದೆ. ತಂದೆಯಲ್ಲಿ ಸ್ವಲ್ಪ ಸುಧಾರಣೆ." ಮೇಲಧಿಕಾರಿ ಕರೆಸಿ, "ಏನ್ರೀ ಇದು, ಗುಣಮುಖ ಆಗಿದ್ದವಳು ಹಿಂದಕ್ಕೆ ಹೋದಳಾ? ತಂದೆಯನ್ನ ಯಾಕ್ರೀ ಬರೆದ್ರಿ, ತಂದೆಗೆ ಕಲಂ ಇಲ್ಲ" ಅಂದರು. ಇರಬೇಕಿತ್ತು ಸಾರ್ ಅಂದೆ. ಅವರು ಕೆಂಪು ಶಾಯಿಯಲ್ಲಿ ಸುತ್ತು ಹಾಕಿ ವಾಪಸ್ಸು ಕೊಟ್ಟರು. ನಾನು ತಿದ್ದಲಿಲ್ಲ.

ಹುಡುಗಿ ಪೂರ್ತಿ ನೆಟ್ಟಗಾದಳೇ ಅಂದರೆ ಇಲ್ಲ. ಎರಡು ವರ್ಷ ಶನಿವಾರ ಬಿಡದೆ ಹೋದೆ. ನಂಜೇಗೌಡ ದಿನಕ್ಕೊಂದಿಷ್ಟು ಹೊತ್ತು ಅವಳ ಜೊತೆ ಚೌಕಾಬಾರ ಆಡಲು ಕಲಿತ, ಸೋತಾಗ ಎದ್ದು ಹೋಗದೆ ಇರಲು ಅವಳಿಗಿಂತ ಹೆಚ್ಚು ದಿನ ತೆಗೆದುಕೊಂಡ. ತಟ್ಟೆ ಹಾರುವುದು ನಿಂತಿತು. ಎದುರುತ್ತರ ನಿಲ್ಲಲಿಲ್ಲ. ಹೊಡೆತವಂತೂ ಮತ್ತೆ ಬೀಳಲಿಲ್ಲ.

ಇಷ್ಟನ್ನೂ ಕೇಳಿಸಿಕೊಂಡ ಸಬೀನಾ ಪೆನ್ನು ಮುಚ್ಚಿ, "ಹಾಗಾದರೆ ನಾನು ಏನು ಬರೆದುಕೊಳ್ಳಲಿ ಮೇಡಂ?" ಅಂದಳು. "ಬಸ್ಸು ಬಂದರೂ ಎರಡನೇ ಪುಟ ಓದಿ ಬಾ" ಅಂದೆ. ಅಷ್ಟರಲ್ಲಿ ನನ್ನ ಫೋನು ಬಡಿಯಿತು. ನೋಡಿದರೆ ಪಲ್ಲವಿ. ಈಗ ಪಾಂಡವಪುರದಲ್ಲಿ ಕಾಲೇಜಿಗೆ ಹೋಗುತ್ತಾಳೆ, ತಿಂಗಳಿಗೊಮ್ಮೆ ಫೋನು ಮಾಡಿ ನನ್ನ ಮಂಡಿ ನೋವು ವಿಚಾರಿಸುತ್ತಾಳೆ. ಸಬೀನಾಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ. ಹಿಂದಿನಿಂದ ನಂಜೇಗೌಡನ ದನಿ ಕೇಳಿಸಿತು: "ಮೇಡಂಗೆ ನಾನೂ ನಮಸ್ಕಾರ ಅಂದೆ ಅಂತ ಯೋಳವ್ವ."

"ಆಗಾಕಿಲ್ಲ" ಅಂದಳು ಪಲ್ಲವಿ. "ತಗಾ ಫೋನು, ನೀನೇ ಯೋಳು. ನಾನೇನ್ ಗೌರಿನಾ?"